ವೃದ್ಧಸೇವೆಯಲ್ಲಿ ಸೇವ್ಯರ ಇಚ್ಛೆ

ಮಾತಾಪಿತೃಗಳ ಸೇವೆಯ ಮಹಿಮೆಯನ್ನು ಪ್ರವಚನಗಳಲ್ಲಿ ಕೇಳದಿರುವ ವಾಚಕರು ವಿರಳ. ಆ ಸೇವೆಯು ಕರ್ತವ್ಯವೆಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಆದರೆ ಅದು ಯಾರ ಇಚ್ಛೆಗೆ ಅನುಸಾರವಾಗಿ ನಡೆಯತಕ್ಕದ್ದು ಎಂಬ ಪ್ರಶ್ನೆಯನ್ನು ನಾವು ಎತ್ತುವುದೇ ಅಪರೂಪ. ಸೇವೆ ಮಾಡುವವನ ಇಚ್ಛೆಯಂತೆಯೋ, ಸೇವೆಯನ್ನು ಪಡೆಯುವವರ ಇಚ್ಛೆಯಂತೆಯೋ?

ಧಾರವಾಡದ ಮಾಳಮಡ್ಡಿಯಲ್ಲಿಯೋ ಬೆಂಗಳೂರಿನ ಬಸವನಗುಡಿಯಲ್ಲಿಯೋ ಇಂದು ಕಾಣಬಹುದಾದ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಎಂಬತ್ತು ದಾಟಿದ ತಾಯಿ. ಮೊಣಕಾಲು ಸಹಕರಿಸುವುದಿಲ್ಲ, ಬುದ್ಧಿ ಮಾತ್ರ ಚುರುಕಾಗಿಯೇ ಇದೆ. ಮಕ್ಕಳು ದೂರದಲ್ಲಿದ್ದಾರೆ. ಅವರು ತಮ್ಮತಮ್ಮಲ್ಲಿಯೇ ಸಮಾಲೋಚಿಸಿ ಒಂದು ಸಂಸ್ಥೆಯ ಮೂಲಕ ಹೋಮ್ ನರ್ಸನ್ನು ನೇಮಿಸುತ್ತಾರೆ, ಸಂಬಳವನ್ನು ಅಲ್ಲಿಂದಲೇ ಕಳುಹಿಸುತ್ತಾರೆ, ಕೋಣೆಯ ಮೂಲೆಯಲ್ಲಿ ಕ್ಯಾಮರಾ ಇರಿಸುತ್ತಾರೆ. ಎಲ್ಲವೂ ಪ್ರೀತಿಯಿಂದಲೇ. ಆದರೆ ಬೆಳಗಿನ ಐದು ಗಂಟೆಗೆ ಸ್ನಾನ ಮುಗಿಸಿ ದೇವರ ಮುಂದೆ ದೀಪ ಹಚ್ಚುವುದು ಆ ತಾಯಿಯ ಅರುವತ್ತು ವರ್ಷಗಳ ಅಭ್ಯಾಸ. ನರ್ಸು ಬರುವುದು ಎಂಟು ಗಂಟೆಗೆ. ಹೊತ್ತನ್ನು ಬದಲಾಯಿಸೆಂದು ಹೇಳಲು ಆಕೆಗೆ ಅಧಿಕಾರವಿಲ್ಲ, ಏಕೆಂದರೆ ನೇಮಿಸಿದವರು ಆಕೆಯಲ್ಲ. ಹೊಟ್ಟೆಗೆ ಕಡಿಮೆಯಿಲ್ಲ, ಔಷಧಕ್ಕೆ ಕಡಿಮೆಯಿಲ್ಲ. ಆದರೂ ತನ್ನ ಮನೆಯಲ್ಲಿ ತಾನೇ ಅತಿಥಿಯಾದಂತೆ ಆಕೆಗೆ ಭಾಸವಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಜೀವನು ಸ್ವಭಾವತಃ ಅಸ್ವತಂತ್ರ. ಸ್ವತಂತ್ರನು ಶ್ರೀಹರಿಯೊಬ್ಬನೇ ಎಂಬುದು ನಮ್ಮ ಸಿದ್ಧಾಂತ. ಹೀಗಿರಲು ಮುಪ್ಪಿನಲ್ಲಿ ಸ್ವಾತಂತ್ರ್ಯದ ಮಾತೇಕೆ? ಪರಾಧೀನತೆಯನ್ನು ಒಪ್ಪಿಕೊಂಡು ಶಾಂತವಾಗಿರುವುದೇ ಮೇಲಲ್ಲವೇ? ಈ ಆಕ್ಷೇಪವನ್ನು ಹೆಚ್ಚಾಗಿ ಗಟ್ಟಿಮುಟ್ಟಾದ ದೇಹವುಳ್ಳವರೇ ಎತ್ತುತ್ತಾರೆಂಬುದು ಗಮನಾರ್ಹ! ಶ್ರೀಮದಾಚಾರ್ಯರು ತತ್ತ್ವಸಂಖ್ಯಾನದ ಆರಂಭದಲ್ಲಿಯೇ ತತ್ತ್ವವನ್ನು ಸ್ವತಂತ್ರ, ಅಸ್ವತಂತ್ರ ಎಂದು ಎರಡಾಗಿ ವಿಂಗಡಿಸಿದಾಗ, ನಡೆಯಬಲ್ಲ ಮಗನನ್ನು ಮೊದಲನೆಯ ಪಂಕ್ತಿಯಲ್ಲಿಯೂ ನಡೆಯಲಾರದ ತಾಯಿಯನ್ನು ಎರಡನೆಯದರಲ್ಲಿಯೂ ಕುಳ್ಳಿರಿಸಲಿಲ್ಲ. ಇಬ್ಬರೂ ಅಸ್ವತಂತ್ರರೇ. ತಾಯಿಯ ಅಧೀನತೆ ಕಣ್ಣಿಗೆ ಕಾಣುತ್ತದೆ, ಮಗನದು ಕಾಣುವುದಿಲ್ಲ. ಜೀವಜೀವರಿಗೆ ಭೇದವನ್ನು ಒಪ್ಪಿದ ನಮಗೆ, ಒಬ್ಬನ ಇಚ್ಛೆಯನ್ನೇ ಇನ್ನೊಬ್ಬರದೆಂದು ಊಹಿಸಿಕೊಳ್ಳುವ ಅವಕಾಶವೂ ಇಲ್ಲ.

ಇನ್ನು ಕರ್ತೃತ್ವದ ವಿಚಾರ. ಜೀವನಿಗೆ ಕರ್ತೃತ್ವವೇ ಇಲ್ಲವೆಂದರೆ ಶಾಸ್ತ್ರದ ವಿಧಿನಿಷೇಧಗಳು ವ್ಯರ್ಥವಾದಾವು ಎಂದು ಬ್ರಹ್ಮಸೂತ್ರವೇ ನಿರ್ಣಯಿಸಿದೆ. ಅದು ಪರಮಾತ್ಮನ ಅಧೀನವಾದ ಕರ್ತೃತ್ವ. ಮಾಡಿಸುವ ಯಜಮಾನನ ನಿಯಮನದಲ್ಲಿದ್ದರೂ ಬಡಗಿಯು ಕರ್ತೃವಾಗಿಯೇ ಇರುವಂತೆ, ಎಂಬುದು ಅಲ್ಲಿಯ ದೃಷ್ಟಾಂತ. ಆ ಕರ್ತೃತ್ವವನ್ನು ಕೊಟ್ಟವನು ಹರಿ. ಮೊಣಕಾಲು ಸೋತ ಮಾತ್ರಕ್ಕೆ ಅವನು ಅದನ್ನು ಹಿಂದಕ್ಕೆ ತೆಗೆದುಕೊಂಡನೆಂದು ಹೇಳಲು ಯಾವ ಪ್ರಮಾಣವಿದೆ? ಮಗನು ತೆಗೆದುಕೊಳ್ಳಬಹುದೆನ್ನುವುದಕ್ಕಂತೂ ಪ್ರಮಾಣವೇ ಇಲ್ಲ.

ನಮ್ಮ ಮನೆಗಳಲ್ಲಿ ನಡೆಯುವ ಹೋಮವನ್ನೇ ನೋಡಿರಿ. ಸಮಿಧೆಯನ್ನು ಜೋಡಿಸುವವರು, ಮಂತ್ರ ಹೇಳುವವರು, ಆಹುತಿ ಹಾಕುವವರು ಋತ್ವಿಜರು. ಯಜಮಾನನು ಮಾಡುವುದು ಸಂಕಲ್ಪ ಮತ್ತು ದಕ್ಷಿಣಾದಾನ. ಆದರೂ ಕರ್ಮವು ಯಜಮಾನನದೆಂದೇ ಎಲ್ಲರೂ ಒಪ್ಪುತ್ತಾರೆ. ತಾನು ಕೈಯಿಂದ ಏನನ್ನೂ ಮಾಡಲಿಲ್ಲವೆಂದು ಅವನು ನಾಚುವುದಿಲ್ಲ. ಶುಶ್ರೂಷೆಗೂ ಈ ನ್ಯಾಯವನ್ನು ಅನ್ವಯಿಸಬಾರದೇಕೆ? ಸ್ನಾನ ಮಾಡಿಸುವ ಕೈ ಇನ್ನೊಬ್ಬರದಾಗಿರಲಿ. ಎಷ್ಟು ಹೊತ್ತಿಗೆ, ಹೇಗೆ, ಯಾರಿಂದ ಎಂಬ ಸಂಕಲ್ಪ ವೃದ್ಧರದೇ ಆಗಿರಲಿ. ಸಾಧ್ಯವಿದ್ದಷ್ಟು ಮಟ್ಟಿಗೆ ಸಂಬಳವೂ ಅವರ ಕೈಯಿಂದಲೇ ಸಲ್ಲಲಿ.

ಮಹಾಭಾರತದ ಆಶ್ರಮವಾಸಿಕಪರ್ವವು ಈ ಪ್ರಶ್ನೆಗೆ ಬಹಳ ಹತ್ತಿರದ್ದು. ಯುದ್ಧಾನಂತರ ಕಣ್ಣಿಲ್ಲದ, ವಯಸ್ಸಾದ, ಪುತ್ರರನ್ನು ಕಳೆದುಕೊಂಡ ಧೃತರಾಷ್ಟ್ರನು ಹದಿನೈದು ವರ್ಷ ಧರ್ಮರಾಜನ ಆಶ್ರಯದಲ್ಲಿದ್ದನು. ಧರ್ಮರಾಜನು ಅವನಿಗೆ ಅನ್ನವಸ್ತ್ರಗಳನ್ನು ಮಾತ್ರ ಕೊಡಲಿಲ್ಲ, ದಾನ ಮಾಡುವ ಅಧಿಕಾರವನ್ನೂ ಕೊಟ್ಟನು. ವೃದ್ಧರಾಜನು ಸೆರೆಯಾಳುಗಳನ್ನು ಬಿಡಿಸಿದರೂ ಧರ್ಮರಾಜನು ಅಡ್ಡಬರಲಿಲ್ಲ. ಮೃತರ ಶ್ರಾದ್ಧಕ್ಕೆಂದು ಧನ ಕೇಳಿದಾಗ ಆಕ್ಷೇಪ ಬಂದರೂ ತನ್ನ ಭಂಡಾರದಿಂದ ಕೊಡಿಸಿದನು. (ಭೀಮಸೇನದೇವರ ನಡೆಯ ತಾತ್ಪರ್ಯ ಬೇರೆಯೇ ಇದ್ದು, ವಿದ್ವಾಂಸರ ಮುಖದಿಂದ ಕೇಳತಕ್ಕದ್ದು, ಇಲ್ಲಿ ಅದು ಪ್ರಕೃತವಲ್ಲ.) ಇಷ್ಟೆಲ್ಲ ಇದ್ದರೂ ಧೃತರಾಷ್ಟ್ರನು ಗುಟ್ಟಾಗಿ ಆಹಾರವನ್ನು ಕಡಿಮೆ ಮಾಡಿ ನೆಲದ ಮೇಲೆ ಮಲಗುತ್ತಿದ್ದ ಸಂಗತಿ ಗಾಂಧಾರಿಗೆ ತಿಳಿದಿತ್ತು, ಧರ್ಮರಾಜನಿಗೆ ತಿಳಿದಿರಲಿಲ್ಲ! ಧರ್ಮಪುತ್ರನ ಮನೆಯಲ್ಲಿಯೇ ಹೀಗಾದ ಮೇಲೆ ನಮ್ಮ ಮನೆಗಳ ಮಾತೇನು?

ಕೊನೆಗೆ ಧೃತರಾಷ್ಟ್ರನು ವನಕ್ಕೆ ಹೊರಡುವೆನೆಂದಾಗ ಧರ್ಮರಾಜನು ಒಪ್ಪಲಿಲ್ಲ. ವೇದವ್ಯಾಸದೇವರೇ ಬಂದು ಅನುಮತಿ ಕೊಡೆಂದು ಹೇಳಬೇಕಾಯಿತು. ಇದಕ್ಕಿಂತಲೂ ಮನಸ್ಸನ್ನು ತಟ್ಟುವುದು ಕುಂತಿಯ ನಿರ್ಧಾರ. ಗೆದ್ದ ಮಕ್ಕಳು ಅತ್ತು ಬೇಡಿಕೊಂಡರೂ ಆಕೆ ಹಿಂದಿರುಗಲಿಲ್ಲ. ಕಣ್ಣಿಗೆ ಬಟ್ಟೆ ಕಟ್ಟಿದ ಗಾಂಧಾರಿಯು ಕುಂತಿಯ ಹೆಗಲ ಮೇಲೂ, ಧೃತರಾಷ್ಟ್ರನು ಗಾಂಧಾರಿಯ ಹೆಗಲ ಮೇಲೂ ಕೈಯಿರಿಸಿ ನಡೆದರು. ಮಕ್ಕಳಿಗೆ ಅದು ಸರಿಯೆನಿಸಲಿಲ್ಲ; ಆದರೂ ಅವರನ್ನು ತಡೆದು ನಿಲ್ಲಿಸಲಿಲ್ಲ.

ಈ ವಿಚಾರವು ನಮ್ಮ ಕಾಲದಲ್ಲಿ ಬೇರೊಂದು ದಾರಿಯಿಂದಲೂ ಬಂದಿದೆ. ನಮ್ಮ ಅನೇಕ ಮನೆಗಳ ಮಕ್ಕಳು ನೆಲೆಸಿರುವ ಕ್ಯಾಲಿಫೋರ್ನಿಯಾದಲ್ಲಿ ಎಡ್ ರಾಬರ್ಟ್ಸ್ ಎಂಬುವರಿದ್ದರು. ೧೯೫೩ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಪೋಲಿಯೋದಿಂದ ಅವರ ದೇಹವು ಕುತ್ತಿಗೆಯಿಂದ ಕೆಳಗೆ ನಿಶ್ಚೇಷ್ಟಿತವಾಯಿತು; ಉಸಿರಾಟಕ್ಕೂ ಯಂತ್ರವೇ ಬೇಕಾಯಿತು. ೧೯೬೨ರಲ್ಲಿ ಬರ್ಕ್ಲಿ ವಿಶ್ವವಿದ್ಯಾನಿಲಯವನ್ನು ಸೇರಿ, ಅಲ್ಲಿಯ ಆಸ್ಪತ್ರೆಯ ಕಟ್ಟಡದಲ್ಲಿ ವಾಸವಾಗಿ, ಪರಿಚಾರಕರ ನೆರವಿನಿಂದ ಓದಿದರು. ಅವರೂ ಅಂಥವರೇ ಆದ ಗೆಳೆಯರೂ ಕಂಡುಕೊಂಡ ಸತ್ಯವಿಷ್ಟೆ: ಪರಿಚಾರಕನನ್ನು ಆರಿಸುವುದು, ಕೆಲಸ ಕಲಿಸುವುದು, ಸರಿಬಾರದಿದ್ದರೆ ಬಿಡುವುದು ಇವೆಲ್ಲ ತಮ್ಮ ಕೈಯಲ್ಲಿದ್ದರೆ, ದೇಹ ಅಲುಗದಿದ್ದರೂ ತಾವು ತಮ್ಮ ಜೀವನಕ್ಕೆ ಯಜಮಾನರೇ. ೧೯೭೨ರಲ್ಲಿ ಅದೇ ಊರಿನಲ್ಲಿ ಇದಕ್ಕಾಗಿ ಒಂದು ಕೇಂದ್ರವು ಸ್ಥಾಪಿತವಾಯಿತು. ಉದ್ಯೋಗಕ್ಕೆ ಅನರ್ಹನೆಂದು ಅವರನ್ನು ಹಿಂದೊಮ್ಮೆ ತಿರಸ್ಕರಿಸಿದ್ದ ಪುನರ್ವಸತಿ ಇಲಾಖೆಗೆ ೧೯೭೫ರಲ್ಲಿ ಅವರೇ ಮುಖ್ಯಸ್ಥರಾದರು! ಬ್ರಿಟನ್ನಿನಲ್ಲಿ ೧೯೯೬ರ ಶಾಸನವೊಂದು ಶುಶ್ರೂಷೆಯ ಹಣವನ್ನು ಅಂಗವಿಕಲರ ಕೈಗೇ ಕೊಡಲು ಅವಕಾಶ ಕಲ್ಪಿಸಿತು. ಮೊದಲು ಅರುವತ್ತೈದರೊಳಗಿನವರಿಗೆ ಮಾತ್ರವಿದ್ದ ಈ ಸೌಲಭ್ಯವು ೨೦೦೦ದಲ್ಲಿ ವೃದ್ಧರಿಗೂ ವಿಸ್ತರಿಸಿತು. ನಮ್ಮಲ್ಲಿಯೂ ೨೦೧೬ರ ಅಂಗವಿಕಲರ ಹಕ್ಕುಗಳ ಅಧಿನಿಯಮವು, ಇಂಥಲ್ಲಿಯೇ ವಾಸಿಸಬೇಕೆಂದು ಅಂಗವಿಕಲರನ್ನು ಕಡ್ಡಾಯಪಡಿಸಬಾರದೆಂದು ಹೇಳಿದೆ. ಹಣ ನೇರವಾಗಿ ಕೈಸೇರುವ ವ್ಯವಸ್ಥೆ ಮಾತ್ರ ಬ್ರಿಟನ್ನಿನಂತೆ ಇಲ್ಲಿ ಬೆಳೆದಿಲ್ಲ. ಆದಕಾರಣ ಭಾರವೆಲ್ಲ ಮನೆಯ ಮೇಲೆಯೇ.

ಮನೆಯಲ್ಲಿ ಮೊದಲನೆಯ ಮಾತು ಹಣದ್ದು. ಪಿಂಚಣಿಯೋ ಬಡ್ಡಿಯೋ ತಾಯಿಯ ಹೆಸರಿನಲ್ಲಿದ್ದರೆ ಅದು ಆಕೆಯ ಖಾತೆಗೇ ಬಂದು, ಅಲ್ಲಿಂದಲೇ ವೆಚ್ಚವಾಗಲಿ. ಸಹಿ ಮಾಡಲು ಕೈ ನಡುಗುತ್ತದೆಂಬ ನೆಪದಿಂದ ಖಾತೆಯನ್ನು ಮಗನ ಹೆಸರಿಗೆ ಬದಲಾಯಿಸಬೇಕಾಗಿಲ್ಲ; ಸಾಕ್ಷಿಗಳ ಮುಂದೆ ಹೆಬ್ಬೆರಳ ಗುರುತಿನಿಂದ ವ್ಯವಹರಿಸಲು ಬ್ಯಾಂಕಿನ ನಿಯಮಗಳಲ್ಲಿ ಅವಕಾಶವಿದೆ. ಎಪ್ಪತ್ತು ದಾಟಿದವರಿಗೆ ಮನೆಬಾಗಿಲಿನಲ್ಲಿಯೇ ಸೇವೆ ಒದಗಿಸಬೇಕೆಂದು ೨೦೧೭ರಲ್ಲಿ ರಿಸರ್ವ್ ಬ್ಯಾಂಕು ಸೂಚಿಸಿದೆ. ಮಕ್ಕಳು ಕೊಡುವ ಹಣವೂ ತಾಯಿಯ ಕೈಗೆ ಬಂದು ಅಲ್ಲಿಂದ ಪರಿಚಾರಕಿಗೆ ಸಲ್ಲುವುದಾದರೆ, ಮೊತ್ತ ಅದೇ ಇದ್ದರೂ ಮಾತಿನ ತೂಕ ಬೇರೆಯಾಗುತ್ತದೆ. ಮನೆಯನ್ನು ಮಕ್ಕಳಿಗೆ ದಾನಪತ್ರ ಬರೆದುಕೊಡುವವರು, ತಮ್ಮ ಪೋಷಣೆಯ ಷರತ್ತನ್ನು ಪತ್ರದಲ್ಲಿಯೇ ನಮೂದಿಸುವುದು ಲೇಸು. ೨೦೦೭ರ ಹಿರಿಯ ನಾಗರಿಕರ ಅಧಿನಿಯಮದ ೨೩ನೆಯ ಕಲಮಿನ ರಕ್ಷಣೆಗೆ ಆ ಷರತ್ತೇ ಆಧಾರ. ಇದನ್ನು ಬರೆಸುವುದು ಮಕ್ಕಳ ಮೇಲಿನ ಅವಿಶ್ವಾಸವಾಯಿತೆಂದು ಸಂಕೋಚಪಡಬೇಕಾಗಿಲ್ಲ.

ಎರಡನೆಯದು, ಆಚರಣೆಗಳನ್ನು ಬರೆದಿರಿಸುವುದು. ಹೊರಗಿನಿಂದ ಬಂದ ಹೆಣ್ಣುಮಗಳಿಗೆ ಚಾತುರ್ಮಾಸ್ಯದ ಮೊದಲ ತಿಂಗಳಲ್ಲಿ ತರಕಾರಿ ಕೂಡದು, ಎರಡನೆಯದರಲ್ಲಿ ಮೊಸರು, ಮೂರನೆಯದರಲ್ಲಿ ಹಾಲು, ನಾಲ್ಕನೆಯದರಲ್ಲಿ ದ್ವಿದಳಧಾನ್ಯ ಕೂಡದು ಎಂಬುದು ಹೇಗೆ ತಿಳಿದೀತು? ವೃದ್ಧರೇ ಹೇಳಿ, ಮೊಮ್ಮಗಳಿಂದಲಾದರೂ ಬರೆಯಿಸಿ, ಅಡಿಗೆಮನೆಯಲ್ಲಿ ತೂಗುಹಾಕಬೇಕು. ಏಕಾದಶಿಯ ವಿಷಯ ಹೆಚ್ಚು ಸೂಕ್ಷ್ಮ. ಮಧುಮೇಹವುಳ್ಳವರು ನಿರ್ಜಲ ಉಪವಾಸ ಮಾಡುವುದು ಅಪಾಯ. ರೋಗಿಗಳಿಗೂ ವೃದ್ಧರಿಗೂ ಶಾಸ್ತ್ರವೇ ವಿನಾಯಿತಿ ಕೊಟ್ಟಿದೆ. ಆದರೆ ಹಿಂದಿನ ರಾತ್ರಿ ಮಗನು ದೂರವಾಣಿಯಲ್ಲಿ, “ಅಮ್ಮ, ನಾಳೆ ನಿನಗೆ ಇಡ್ಲಿ ಮಾಡಲು ಹೇಳಿದ್ದೇನೆ” ಎಂದುಬಿಡುವುದು ಬೇರೆ. ವೈದ್ಯರನ್ನೂ ಆಚಾರ್ಯರನ್ನೂ ಆಕೆಯೇ ವಿಚಾರಿಸಿ, ಹಾಲುಹಣ್ಣುಗಳಿಂದ ವ್ರತವನ್ನು ನಡೆಸುತ್ತೇನೆಂದು ನಿಶ್ಚಯಿಸುವಂತೆ ಅನುವು ಮಾಡಿಕೊಡುವುದು ಬೇರೆ.

ಇದರ ಜೊತೆಗೆ ಒಂದು ಕಹಿಮಾತನ್ನೂ ಹೇಳಬೇಕಾಗಿದೆ. ಋತ್ವಿಜರನ್ನು ಅವಮಾನಿಸಿ ಯಾಗ ಮಾಡಿದವನಿಗೆ ಫಲವಿಲ್ಲ. ನಮ್ಮ ಮಲಮೂತ್ರಗಳನ್ನು ಶುಚಿ ಮಾಡುವ ಹೆಂಗಸಿನ ಜಾತಿಯನ್ನು ಕೇಳುವುದು, ಆಕೆಗೆ ಬೇರೆ ಲೋಟವಿಡುವುದು, ಮಡಿಯ ಹೆಸರಿನಲ್ಲಿ ಗದರುವುದು ಇವೆಲ್ಲ ಕೆಲವು ಮನೆಗಳಲ್ಲಿ ಇನ್ನೂ ಉಂಟು. ಮಡಿಯು ನಾನು ಅನುಸರಿಸುವ ನಿಯಮ. ದೇವರಕೋಣೆಯ ಕೆಲಸ, ನೈವೇದ್ಯದ ಅಡಿಗೆ ಇವುಗಳ ಮಟ್ಟಿಗೆ ಅದನ್ನು ವಿನಯದಿಂದ ತಿಳಿಸಿದರೆ ಯಾರೂ ಬೇಸರಪಡುವುದಿಲ್ಲ. ಪರಿಚಾರಕಿಗೂ ವಾರಕ್ಕೊಂದು ದಿನ ಬಿಡುವು, ತಿಂಗಳ ಮೊದಲಲ್ಲಿ ಸಂಬಳ, ರಾತ್ರಿ ನಿದ್ರೆ ಬೇಕು. ಯಜಮಾನತ್ವ ಬೇಕೆನ್ನುವವರು ಯಜಮಾನನ ಧರ್ಮವನ್ನೂ ಹೊರಬೇಕು. ಇನ್ನು ಸಂಬಳವಿಲ್ಲದೆ ಈ ಕೆಲಸವನ್ನೆಲ್ಲ ಮಾಡುವವಳು ಸೊಸೆ. ವೇದಿಕೆಯ ಮೇಲೆ ಮಗನ ಮಾತೃಸೇವೆಯನ್ನು ಹೊಗಳುವಾಗ, ಹಾಸಿಗೆ ಬದಲಾಯಿಸಿದ ಕೈ ಯಾರದೆಂದು ಒಬ್ಬರಾದರೂ ಕೇಳುವುದುಂಟೆ? ಹಣ ಕೊಟ್ಟು ಒಬ್ಬ ಸಹಾಯಕಿಯನ್ನು ಅತ್ತೆಯೇ ನೇಮಿಸಿಕೊಂಡರೆ, ಅತ್ತೆಸೊಸೆಯರ ನಡುವೆ ಮಾತಿಗೆ ಸ್ವಲ್ಪ ಬಿಡುವಾದರೂ ದೊರಕೀತು.

ಕ್ಯಾಮರಾ ವಿಷಯದಲ್ಲಿ ಹೆಚ್ಚು ಚರ್ಚೆ ಬೇಡ. ಬಟ್ಟೆ ಬದಲಾಯಿಸುವ ಕೋಣೆಯಲ್ಲಿ ತನ್ನನ್ನು ನೋಡುತ್ತಿರಲೆಂದು ಯಾರೂ ಬಯಸರು. ಬೀಳುವ ಭಯವಿದ್ದರೆ ಕರೆಗಂಟೆಯಿದೆ, ಬಚ್ಚಲಮನೆಯ ಗೋಡೆಗೆ ಹಿಡಿಕೆಯಿದೆ. ಅವರು ಒಪ್ಪಿದರೆ ಕ್ಯಾಮರಾ ಇರಲಿ, ಇಲ್ಲವಾದರೆ ಬೇಡ.

ಎಲ್ಲಕ್ಕಿಂತ ಕಠಿಣವಾದ ಪ್ರಶ್ನೆ ಸ್ಮೃತಿ ಮಾಸಿದವರದು. ಮಗನ ಹೆಸರನ್ನೇ ಮರೆತ ತಾಯಿಯು ಸಂಕಲ್ಪ ಮಾಡುವುದೆಂತು? ಹಣದ ವ್ಯವಹಾರ, ಔಷಧ, ಬಾಗಿಲಿನ ಬೀಗ ಇವುಗಳನ್ನು ಇತರರು ವಹಿಸಿಕೊಳ್ಳಲೇಬೇಕು. ಇಲ್ಲಿ ಇಚ್ಛೆಯ ಹೆಸರಿನಲ್ಲಿ ಕೈಬಿಡುವುದು ಅಪರಾಧವಾದೀತು. ಆದುದರಿಂದಲೇ ಸ್ಮೃತಿ ಚೆನ್ನಾಗಿರುವಾಗಲೇ ಕೇಳಿಟ್ಟುಕೊಳ್ಳಬೇಕು: ಯಾರ ಕೈಯ ಆರೈಕೆ ಬೇಕು, ಯಾವ ಮನೆಯಲ್ಲಿರಬೇಕು, ಆಸ್ಪತ್ರೆಯ ಯಂತ್ರಗಳ ನಡುವೆ ಎಷ್ಟು ದಿನ. ಕೇಳಲು ಮಕ್ಕಳಿಗೆ ಬಾಯಿ ಬರುವುದಿಲ್ಲ, ಹೇಳಲು ಹಿರಿಯರಿಗೆ ಅಮಂಗಳವೆನಿಸುತ್ತದೆ. ಹೀಗೆ ವರ್ಷಗಳು ಕಳೆಯುತ್ತವೆ. ಸ್ಮೃತಿ ಮಾಸಿದ ಮೇಲೂ ಎಲ್ಲವೂ ಮುಗಿಯುವುದಿಲ್ಲ. ಎರಡು ಸೀರೆಗಳನ್ನು ಮುಂದೆ ಹಿಡಿದರೆ ಆಕೆಯ ಕೈ ಒಂದರ ಕಡೆಗೆ ಹೋಗುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕಣ್ಣು ದೇವರಕೋಣೆಯ ಕಡೆಗೆ ತಿರುಗುತ್ತದೆ. ಆಗ ಗಾಲಿಕುರ್ಚಿಯನ್ನು ಅತ್ತ ತಿರುಗಿಸಬೇಕಾದವರು ಪಕ್ಕದಲ್ಲಿದ್ದವರು.