ಚೀಲಕ್ಕೆ ಸಾಕ್ಷಿಯುಂಟು, ಬೆನ್ನಿಗೆ?

ಕಳೆದ ಸುಗ್ಗಿಯ ಒಂದು ಸಂಜೆ ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಅಂಗಳದಲ್ಲಿ ಕುಳಿತಿದ್ದೆವು. ಗಿರಣಿಯ ಮಾಲೀಕರು ನಮಗೆ ಬಹಳ ವರ್ಷಗಳಿಂದ ಪರಿಚಿತರು. ಲಾರಿಯೊಂದಕ್ಕೆ ಅಕ್ಕಿ ಚೀಲ ತುಂಬಿ ಮುಗಿದಿತ್ತು. ಗುಮಾಸ್ತ ಹುಡುಗ ಬಂದು ಮೊಬೈಲಿನಲ್ಲಿ ನಾಲ್ಕು ಫೋಟೋ ತೆಗೆದ. ಒಂದು ಲಾರಿಯ ನಂಬರಿನದು, ಇನ್ನೊಂದು ಚೀಲಗಳ ಸಾಲಿನದು, ಮೂರನೆಯದು ತಾಡಪಾಲು ಬಿಗಿದ ಹಗ್ಗದ್ದು, ಕೊನೆಯದು ಕಾಟಾ ಚೀಟಿಯದು. ಚೀಲಗಳ ಫೋಟೋ ತೆಗೆಯುವಾಗ ಲಾರಿಯ ಪಕ್ಕದಲ್ಲಿ ತಲೆಯ ಟವೆಲು ಬಿಚ್ಚಿ ಬೆವರು ಒರೆಸಿಕೊಳ್ಳುತ್ತಿದ್ದ ಹಮಾಲರೊಬ್ಬರು, ಯಾರೂ ಹೇಳದೆಯೇ ಎರಡು ಹೆಜ್ಜೆ ಪಕ್ಕಕ್ಕೆ ಸರಿದರು.

ಯಾಕೆ ಸರಿದಿರಿ ಎಂದು ಕೇಳಿದೆವು.

"ಪಾರ್ಟಿಗೆ ಮಾಲು ಕಾಣಬೇಕಲ್ರಿ ಸಾರ್. ನಾವು ಅಡ್ಡ ನಿಂತ್ರ ಹೆಂಗ?" ಎಂದರು.

ಆ ಮಾತು ನಮ್ಮನ್ನು ಚುಚ್ಚಿತು. ಅವರ ಅನುಮತಿ ಕೇಳಿ ಅವರದೊಂದು ಫೋಟೋ ನಮ್ಮ ಮೊಬೈಲಿನಲ್ಲಿ ತೆಗೆದೆವು. ಅವರು ಬೇಡವೆನ್ನಲಿಲ್ಲ. ನೆಟ್ಟಗೆ ನಿಂತು ತೆಗೆಸಿಕೊಂಡ ಮೇಲೆ, "ಇದನ್ನೇನ್ ಮಾಡ್ತೀರಿ ಸಾರ್?" ಎಂದು ಕೇಳಿದರು. ನಮ್ಮ ಬಳಿ ಉತ್ತರವಿರಲಿಲ್ಲ. ಗುಮಾಸ್ತನ ನಾಲ್ಕು ಫೋಟೋಗಳಿಗೂ ಒಂದೊಂದು ಕಾರಣವಿತ್ತು. ನಮ್ಮ ಒಂದು ಫೋಟೋಗೆ ಯಾವ ಕಾರಣವೂ ಇರಲಿಲ್ಲ. ಈ ಲೇಖನ ಆ ಪ್ರಶ್ನೆಗೆ ಉತ್ತರ ಹುಡುಕುವ ಪ್ರಯತ್ನ.

ಮೊದಲು ಗುಮಾಸ್ತನ ಫೋಟೋಗಳಿಗೆ ನ್ಯಾಯ ಸಲ್ಲಿಸಬೇಕು. ಕೊಳ್ಳುವವನು ದೂರದಲ್ಲಿದ್ದಾನೆ. ಅವನು ಗಿರಣಿಯನ್ನು ಕಂಡಿಲ್ಲ, ಗಿರಣಿಯವರು ಅವನ ಅಂಗಡಿಯನ್ನು ಕಂಡಿಲ್ಲ. ನಡುವೆ ದಲಾಲರು, ಲಾರಿ ಆಫೀಸು, ಚಾಲಕ, ಗೋದಾಮು ಇವೆ. ಚೀಲ ಕಡಿಮೆ ಬಂದರೆ ತಪ್ಪು ಯಾರದು ಎಂದು ತೀರ್ಮಾನಿಸಲು ಫೋಟೋ ಬೇಕು. ಅಳತೆ ತೂಕದಲ್ಲಿ ಮೋಸ ಮಾಡುವವರ ಬಗ್ಗೆ ಕುರ್‌ಆನಿನಲ್ಲಿ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ಮದ್‌ಯನ್ ಜನರಿಗೆ ಪ್ರವಾದಿ ಶುಐಬ್(ಅ) ಕೊಟ್ಟ ಎಚ್ಚರಿಕೆಯೂ ತಕ್ಕಡಿಯ ಕುರಿತಾದದ್ದೇ. ಆದ್ದರಿಂದ ತೂಕಕ್ಕೆ ಸಾಕ್ಷಿ ಇಡುವುದು ತಪ್ಪಲ್ಲ, ಒಳ್ಳೆಯದೇ. ನಮ್ಮ ಪ್ರಶ್ನೆ ಬೇರೆ. ಸಾಕ್ಷಿ ಇಷ್ಟಕ್ಕೇ ನಿಂತುಬಿಟ್ಟರೆ ಸಾಕೆ?

ಸಿರುಗುಪ್ಪದ ಅನ್ನದ ಕಥೆ ಉದ್ದವಾದದ್ದು. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದು, ಬಲದಂಡೆಯ ಕೆಳಮಟ್ಟದ ಕಾಲುವೆಯಲ್ಲಿ ನೀರು ಹರಿದ ಮೇಲೆ ಈ ಸೀಮೆ ಭತ್ತದ ಸೀಮೆಯಾಯಿತು. ಭತ್ತದ ಧಾರಣೆಯನ್ನು ಇಲ್ಲಿ ಇಂದಿಗೂ 75 ಕಿಲೋ ಚೀಲದ ಲೆಕ್ಕದಲ್ಲೇ ಹೇಳುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1967ರಲ್ಲಿ ಮಾಡಿದ ಶಿಫಾರಸಿನ ಪ್ರಕಾರ ವಯಸ್ಕ ಗಂಡಸು ಹೊರಬಹುದಾದ ಗರಿಷ್ಠ ಭಾರ 55 ಕಿಲೋ. ಉಳಿದ 20 ಕಿಲೋ ಯಾರ ಲೆಕ್ಕಕ್ಕೆ ಸೇರಿದ್ದೆಂದು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ.

ಅಕ್ಕಿಯ ಚೀಲ ಚಿಕ್ಕದು. ಅದರ ಗಾತ್ರವನ್ನಾದರೂ ನಿರ್ಧರಿಸುವವರು ಯಾರು? 2022ರ ಜುಲೈ 18ರಿಂದ, 25 ಕಿಲೋವರೆಗಿನ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಧಾನ್ಯಕ್ಕೆ ಶೇ. 5ರಷ್ಟು ಜಿಎಸ್‌ಟಿ ಬಂತು. ಮಾರುಕಟ್ಟೆಯಲ್ಲಿ 26 ಕಿಲೋ ಚೀಲ ಕಾಣಿಸಿಕೊಂಡಿತು. ದೆಹಲಿಯಲ್ಲಿ ಬರೆದ ಒಂದು ಸಾಲಿನಿಂದ ಇಲ್ಲಿನ ಬೆನ್ನುಗಳ ಮೇಲೆ ಪ್ರತಿ ಚೀಲಕ್ಕೂ ಒಂದು ಕಿಲೋ ಏರಿತು. ತೆರಿಗೆಯ ಚರ್ಚೆಯಲ್ಲಿ ಆ ಬೆನ್ನುಗಳ ಪ್ರಸ್ತಾಪವನ್ನು ನಾವಂತೂ ಓದಲಿಲ್ಲ. 2018ರಿಂದ ಲಾರಿಯ ಜೊತೆ ಇ-ವೇ ಬಿಲ್ ಹೋಗುತ್ತದೆ. ಅದರಲ್ಲಿ ಮಾರುವವನ ಹೆಸರಿದೆ, ಕೊಳ್ಳುವವನ ಹೆಸರಿದೆ, ಮಾಲಿನ ಬೆಲೆಯಿದೆ, ಲಾರಿಯ ನಂಬರಿದೆ. ತುಂಬಿದವನ ಹೆಸರಿಗೆ ಜಾಗವಿಲ್ಲ.

ಈ ಸರಪಳಿಯ ಇನ್ನೊಂದು ತುದಿಯ ಚಿತ್ರವನ್ನೂ ನಾವು ನೋಡಿದ್ದೇವೆ. 2023ರ ಜುಲೈ 20ರಂದು ಕೇಂದ್ರ ಸರಕಾರ ಬಾಸುಮತಿಯೇತರ ಬಿಳಿ ಅಕ್ಕಿಯ ರಫ್ತನ್ನು ನಿಷೇಧಿಸಿತು. ಕೆಲವೇ ದಿನಗಳಲ್ಲಿ ಅಮೆರಿಕದ ಭಾರತೀಯ ಅಂಗಡಿಗಳ ಮುಂದೆ ನಮ್ಮವರು ಸಾಲುಗಟ್ಟಿದ, ಸೋನಾ ಮಸೂರಿ ಚೀಲಗಳನ್ನು ತಳ್ಳುಗಾಡಿಯಲ್ಲಿ ಪೇರಿಸಿಕೊಂಡ ಚಿತ್ರಗಳು ಮೊಬೈಲಿನಿಂದ ಮೊಬೈಲಿಗೆ ಹರಿದವು. ನಿಷೇಧ ತೆರವಾದದ್ದು 2024ರ ಸೆಪ್ಟೆಂಬರಿನಲ್ಲಿ. ಆ ಚಿತ್ರಗಳನ್ನು ನೋಡಿ ನಾವು ನಕ್ಕಿದ್ದೆವು. ಈಗ ಯೋಚಿಸಿದರೆ, ಅಲ್ಲಿ ಅನ್ನ ಬೇಕೆನ್ನುವ ಮುಖಗಳಿದ್ದವು. ಇಲ್ಲಿನ ಚಿತ್ರಗಳಲ್ಲಿ ಬರೀ ಚೀಲಗಳಿವೆ. ಕೊಳ್ಳುವವನಿಗೆ ಮುಖವುಂಟು, ಹೊರುವವನಿಗಿಲ್ಲ.

ಸರಪಳಿ ಕಡಿದಾಗ ಮಾತ್ರ ಲೋಕ ಅದನ್ನು ನೋಡುತ್ತದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟಿನ ಸರಪಳಿ ನಿಜವಾಗಿಯೇ ಕಡಿಯಿತು. ಎಪ್ಪತ್ತು ವರ್ಷ ಯಾರೂ ಫೋಟೋ ತೆಗೆಯದಿದ್ದ ಆ ಸರಪಳಿ ಒಂದೇ ದಿನದಲ್ಲಿ ಎಲ್ಲರ ಮಾತಿಗೂ ವಸ್ತುವಾಯಿತು. 2021ರ ಮಾರ್ಚ್ 23ರಂದು ಸೂಯೆಜ್ ಕಾಲುವೆಗೆ ಅಡ್ಡವಾಗಿ ಸಿಕ್ಕಿಕೊಂಡ 'ಎವರ್ ಗಿವನ್' ಹಡಗಿನ ಕಥೆಯೂ ಹೀಗೆಯೇ. 400 ಮೀಟರ್ ಉದ್ದದ ಹಡಗು, ಅದರ ಮೂತಿಯ ಬಳಿ ಮಣ್ಣು ಅಗೆಯುವ ಪುಟ್ಟ ಯಂತ್ರ. ಆ ಫೋಟೋ ನೋಡದವರು ಕಡಿಮೆ. ಆದರೆ ಹಡಗಿನ 25 ಮಂದಿ ಸಿಬ್ಬಂದಿಯೂ ಭಾರತೀಯರೆಂಬುದು ಎಷ್ಟು ಜನರಿಗೆ ನೆನಪಿದೆ? ಹಡಗು ಆರು ದಿನಕ್ಕೆ ಬಿಡಿಸಿಕೊಂಡಿತು. ಪರಿಹಾರದ ವ್ಯಾಜ್ಯದಿಂದಾಗಿ ಅದು ಈಜಿಪ್ಟಿನಿಂದ ಹೊರಟದ್ದು ಜುಲೈಯಲ್ಲಿ. ನಾವಿಕರ ಆ ಕಾಯುವಿಕೆಯ ಫೋಟೋ ನಮ್ಮ ಮನಸ್ಸಿನಲ್ಲಿಲ್ಲ.

ನಮ್ಮ ಜಿಲ್ಲೆಗೆ ಲಾರಿಯ ಚಿತ್ರ ಹೊಸದೇನಲ್ಲ. ಚೀನಾದ ಉಕ್ಕಿನ ಹಸಿವಿಗೆ ಬಳ್ಳಾರಿಯ ಬೆಟ್ಟಗಳು ಕರಗುತ್ತಿದ್ದ ವರ್ಷಗಳಲ್ಲಿ, ಕೆಂಧೂಳಿನಲ್ಲಿ ಸಾಲುಗಟ್ಟಿದ ಅದಿರು ಲಾರಿಗಳ ಫೋಟೋ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂತು. ಅವು ನಾಡಿನ ಕಣ್ಣು ತೆರೆಸಿದ್ದು ಹೌದು. ಆದರೆ ಪ್ರಕರಣ ನಿಂತದ್ದು ಫೋಟೋದಿಂದಲ್ಲ. ಪರವಾನಗಿ, ರೈಲ್ವೆ, ಬಂದರುಗಳ ದಾಖಲೆಗಳನ್ನು ಒಂದರ ಪಕ್ಕ ಒಂದಿಟ್ಟು ಓದಿದ್ದರಿಂದ. 2011ರ ಜುಲೈಯಲ್ಲಿ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆಯವರ ವರದಿ ಬೊಕ್ಕಸದ ನಷ್ಟವನ್ನು 16,085 ಕೋಟಿ ರೂಪಾಯಿ ಎಂದು ಅಂದಾಜಿಸಿತು. ನಮಗೆ ಇದರಲ್ಲೊಂದು ಪಾಠವಿದೆ. ಹೆಸರು, ದಿನಾಂಕ, ಸ್ಥಳ ಇಲ್ಲದ ಚಿತ್ರ ನೋಡುವವರಲ್ಲಿ ಸಿಟ್ಟನ್ನೋ ಮರುಕವನ್ನೋ ಹುಟ್ಟಿಸಬಹುದು, ಸಾಕ್ಷಿಯಾಗಲಾರದು.

ಅಮೆರಿಕದ ಲೂಯಿಸ್ ಹೈನ್ ಎಂಬ ಛಾಯಾಗ್ರಾಹಕನಿಗೆ ಇದು ಗೊತ್ತಿತ್ತು. 1908ರಿಂದ ಆತ ನೂಲಿನ ಗಿರಣಿ, ಕಲ್ಲಿದ್ದಲು ಗಣಿಗಳಲ್ಲಿ ದುಡಿಯುವ ಮಕ್ಕಳ ಫೋಟೋ ತೆಗೆದ. ಜೇಬಿನೊಳಗೆ ಚೀಟಿ ಇಟ್ಟುಕೊಂಡು ಮಗುವಿನ ಹೆಸರು, ವಯಸ್ಸು, ಕೆಲಸದ ಗಂಟೆಗಳನ್ನು ಗುಟ್ಟಾಗಿ ಬರೆದುಕೊಳ್ಳುತ್ತಿದ್ದ. ಮಗುವಿನ ಎತ್ತರವನ್ನು ತನ್ನ ಅಂಗಿಯ ಗುಂಡಿಗಳಿಗೆ ಹೋಲಿಸಿ ಅಂದಾಜು ಮಾಡುತ್ತಿದ್ದ. ಮುಂದೆ ಅಲನ್ ಸೆಕುಲಾ ಎಂಬಾತ ಬಂದರು, ಹಡಗು, ಕಂಟೇನರುಗಳ ಲೋಕವನ್ನೇ ವರ್ಷಗಟ್ಟಲೆ ಚಿತ್ರಿಸಿ 1995ರಲ್ಲಿ 'ಫಿಶ್ ಸ್ಟೋರಿ' ಎಂಬ ಪುಸ್ತಕ ತಂದ. ಅದರಲ್ಲಿ ಚಿತ್ರಗಳ ಜೊತೆ ದೀರ್ಘ ಬರಹಗಳಿವೆ. ಚಿತ್ರ ತಾನಾಗಿಯೇ ಎಲ್ಲವನ್ನೂ ಹೇಳುತ್ತದೆಂದು ಇಬ್ಬರೂ ನಂಬಲಿಲ್ಲ.

ಚಿತ್ರದ ಪ್ರಶ್ನೆ ನಮ್ಮ ಮನೆಗಳಲ್ಲೂ ಹಳೆಯದು. ಗೋಡೆಗೆ ಫೋಟೋ ತೂಗುಹಾಕದ ಮನೆಯಲ್ಲಿ ಬೆಳೆದವರು ನಾವು. ಉರ್ದುವಿನಲ್ಲಿ ಫೋಟೋಗೆ 'ತಸ್ವೀರ್' ಎನ್ನುತ್ತಾರೆ, ರೂಪ ಕೊಡುವುದು ಎಂಬರ್ಥದ ಪದ. ರೂಪ ಕೊಡುವವನು ಅಲ್ಲಾಹನೊಬ್ಬನೇ ಎಂಬ ಕಾರಣಕ್ಕೆ ಉಲೇಮಾಗಳಲ್ಲಿ ಅನೇಕರು ಚಿತ್ರವನ್ನು ವಿರೋಧಿಸಿದರು. ಈಜಿಪ್ಟಿನ ಮುಫ್ತಿಯಾಗಿದ್ದ ಶೇಖ್ ಮುಹಮ್ಮದ್ ಬಖೀತ್ ಅಲ್ ಮುತೀಈ ಅವರು ಬೇರೆ ಅಭಿಪ್ರಾಯ ಕೊಟ್ಟರು. ಕ್ಯಾಮೆರಾ ಹೊಸದಾಗಿ ಏನನ್ನೂ ಸೃಷ್ಟಿಸುವುದಿಲ್ಲ, ಇರುವ ನೆರಳನ್ನು ಹಿಡಿದಿಡುತ್ತದೆ ಅಷ್ಟೆ ಎಂಬುದು ಅವರ ವಾದ. ಉರ್ದುವಿನಲ್ಲಿ ಛಾಯಾಗ್ರಹಣಕ್ಕೆ 'ಅಕ್ಕಾಸಿ' ಎಂಬ ಇನ್ನೊಂದು ಪದವಿದೆ. ಅದು ಪ್ರತಿಬಿಂಬದಿಂದ ಬಂದದ್ದು. ಕನ್ನಡದ 'ಛಾಯಾಚಿತ್ರ'ದಲ್ಲಿಯೂ ನೆರಳೇ ಇದೆ.

ಈ ವಾದವನ್ನು ಒಪ್ಪಿದವರು ಅಲ್ಲಿಗೇ ನಿರಾಳರಾಗುತ್ತೇವೆ. ನಿಜವಾಗಿ ಹೊಣೆ ಶುರುವಾಗುವುದು ಅಲ್ಲಿಂದಲೇ. ಫೋಟೋ ಒಬ್ಬ ಮನುಷ್ಯನ ನೆರಳಾದರೆ ಅದು ಅವನದು. ನಮ್ಮ ಕೈಯಲ್ಲಿರುವುದು ಅಮಾನತ್ತು, ಅಂದರೆ ನಂಬಿ ಒಪ್ಪಿಸಿದ ವಸ್ತು. ಅಮಾನತ್ತನ್ನು ಮನಬಂದಂತೆ ಬಳಸುವ ಹಕ್ಕು ಇಟ್ಟುಕೊಂಡವನಿಗೆ ಇಲ್ಲ.

ಇನ್ನೊಂದು ಮಾತು. ಕುರ್‌ಆನಿನ ಅತ್ಯಂತ ದೀರ್ಘ ಸೂಕ್ತ ನಮಾಝಿನದಲ್ಲ, ಉಪವಾಸದ್ದಲ್ಲ. ಅದು ಅಲ್ ಬಕರ ಅಧ್ಯಾಯದ 282ನೆಯದು, ವ್ಯವಹಾರದಲ್ಲಿ ಸಾಲವನ್ನು ಬರೆದಿಡುವ, ಸಾಕ್ಷಿಗಳನ್ನು ನಿಲ್ಲಿಸುವ ಕುರಿತಾದದ್ದು. ಮುಂದಿನ ಸೂಕ್ತ ಸಾಕ್ಷ್ಯವನ್ನು ಬಚ್ಚಿಡುವುದನ್ನು ಪಾಪವೆನ್ನುತ್ತದೆ. ಅನ್ನಿಸಾ ಅಧ್ಯಾಯ ಇನ್ನೂ ಮುಂದೆ ಹೋಗಿ, ಸ್ವಂತ ನಷ್ಟವಾದರೂ ಬಂಧುಗಳಿಗೆ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿ ನಿಲ್ಲಿರೆಂದು ಹೇಳುತ್ತದೆ. ಈ ದೃಷ್ಟಿಯಲ್ಲಿ ನೋಡಿದರೆ ಮಾಲಿನ ಪರ ನಾಲ್ಕು ಸಾಕ್ಷಿ ಹೇಳಿ, ಹೊತ್ತವನ ಮಾತು ಬಂದಾಗ ಕ್ಯಾಮೆರಾವನ್ನು ಪಕ್ಕಕ್ಕೆ ತಿರುಗಿಸುವುದು ಅರ್ಧ ಸಾಕ್ಷ್ಯ. ಅರ್ಧ ಸಾಕ್ಷ್ಯವೂ ಬಚ್ಚಿಡುವಿಕೆಯೇ.

ಬಡವರ ಬೆವರನ್ನು ಚಂದವಾಗಿ ತೋರಿಸುವುದೂ ಒಂದು ಶೋಷಣೆಯಲ್ಲವೇ ಎಂದು ಕೆಲವರು ಕೇಳಬಹುದು. ಹೌದು. ಮುಸ್ಸಂಜೆಯ ಬೆಳಕಿನಲ್ಲಿ ಬಾಗಿದ ಬೆನ್ನಿನ ಚಿತ್ರಕ್ಕೆ ಪ್ರಶಸ್ತಿ ಸಿಗಬಹುದು, ಬೆನ್ನಿಗೇನೂ ಸಿಗದು. ಇನ್ನೊಂದು ಅಪಾಯವೂ ಇದೆ. ಆ ಚಿತ್ರದಿಂದಾಗಿ ಆತನ ನಾಳಿನ ಕೆಲಸವೇ ಹೋಗಬಹುದು. ಆದ್ದರಿಂದ ಕೇಳದೆ ತೆಗೆಯಬಾರದು, ಕೇಳದೆ ಹಂಚಬಾರದು. ಆದರೆ ಈ ಅಪಾಯದ ನೆಪದಲ್ಲಿ ತೆಗೆಯದೇ ಇರುವುದೂ ಪರಿಹಾರವಲ್ಲ. ಏಕೆಂದು ನಮಗೆ ತಿಳಿದದ್ದು ಎರಡನೆಯ ಸಲ ಆ ಹಮಾಲರನ್ನು ಕಂಡಾಗ.

ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿಕೊಂಡು ಹದಿನೈದು ದಿನದ ನಂತರ ಹೋದೆವು. ಚಹಾ ಕುಡಿಯುತ್ತ ಅವರು ತಮ್ಮ ಹಳೆಯ ಕಥೆ ಹೇಳಿದರು. ಕೆಲವು ವರ್ಷಗಳ ಹಿಂದೆ ಬೇರೊಂದು ಗಿರಣಿಯಲ್ಲಿ ಚೀಲ ಹೊತ್ತು ಲಾರಿಯ ಹಲಗೆ ಹತ್ತುವಾಗ ಜಾರಿ ಬಿದ್ದು ಸೊಂಟ ಮುರಿದಿತ್ತು. ಮೂರು ತಿಂಗಳು ಹಾಸಿಗೆ. ಸಹಾಯ ಕೇಳಲು ಹೋದಾಗ, ಆ ದಿನ ನೀನು ಬಂದಿದ್ದೆ ಎನ್ನುವುದಕ್ಕೆ ಏನಿದೆ ಎಂದರಂತೆ. ಪುಸ್ತಕದಲ್ಲಿ ಗ್ಯಾಂಗಿನ ಮೇಸ್ತ್ರಿಯ ಹೆಸರಿತ್ತು, ಚೀಲದ ಎಣಿಕೆಯಿತ್ತು. ಇವರ ಹೆಸರಿರಲಿಲ್ಲ. "ಆ ಲಾರಿ ಫೋಟೋ ಇತ್ತು ಸಾರ್. ನಾ ಅದರಾಗ ಇರಲಿಲ್ಲ" ಎಂದರು. ಸಿಟ್ಟಿನಿಂದ ಹೇಳಲಿಲ್ಲ, ಮಳೆ ಬರಲಿಲ್ಲ ಎನ್ನುವಂತೆ ಹೇಳಿದರು.

ಪ್ರಿಂಟನ್ನು ಕೈಗಿತ್ತಾಗ ಮುಖವನ್ನು ಒಂದು ಕ್ಷಣ ನೋಡಿ, ತಕ್ಷಣ ತಿರುಗಿಸಿ ಹಿಂಬದಿಯ ಬಿಳಿ ಭಾಗವನ್ನು ನಮ್ಮತ್ತ ಹಿಡಿದರು. "ಹೆಸರು, ತಾರೀಖು ಬರೀರಿ ಸಾರ್. ಮಿಲ್ಲಿನ ಹೆಸರೂ ಬರೀರಿ."

ಹೆಸರು ಬರೆದೆವು, ತಾರೀಖು ಬರೆದೆವು. ಗಿರಣಿಯ ಹೆಸರಿಗೆ ಬಂದಾಗ ಪೆನ್ನು ನಿಂತಿತು. ಮಾಲೀಕರು ನಮ್ಮವರು, ಹಬ್ಬಕ್ಕೆ ನಮ್ಮ ಮನೆಗೆ ಬರುವವರು. ನಾಳೆ ಈ ಚೂರು ಕಾಗದ ಯಾರ ಮುಂದೆ ಹೋಗುವುದೋ ಎಂಬ ಲೆಕ್ಕ ಮನಸ್ಸಿನಲ್ಲಿ ಸುಳಿಯಿತು. ಸಾಕ್ಷಿಯ ಬಗ್ಗೆ ಇಷ್ಟೆಲ್ಲ ಓದಿದ್ದ ನಮಗೆ ನಮ್ಮ ನೆರಳಿನ ಪರಿಚಯವಾದದ್ದು ಆ ಗಳಿಗೆಯಲ್ಲಿ. ಬರೆದೆವು. ಕೆಳಗೆ ನಮ್ಮ ಸಹಿಯನ್ನೂ ಹಾಕಿದೆವು. ಅವರು ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಅಂಗಿಯ ಒಳಜೇಬಿಗೆ ಸೇರಿಸಿದರು.

ಈ ಬರಹದ ಜೊತೆ ಆ ಫೋಟೋ ಅಚ್ಚು ಮಾಡಲೇ ಎಂದು ಕೇಳಿದ್ದೆವು. ಸ್ವಲ್ಪ ಯೋಚಿಸಿ, "ಬ್ಯಾಡ್ರಿ ಸಾರ್, ಅದು ನನ್ ಹತ್ರನ ಇರ್ಲಿ" ಎಂದರು. ಆದ್ದರಿಂದ ಇಲ್ಲಿ ಚಿತ್ರವಿಲ್ಲ.