ಕೆಸರು ಯಾರದು, ಮೊಸರು ಯಾರದು

‘ಕೈ ಕೆಸರಾದರೆ ಬಾಯಿ ಮೊಸರು.’ ದುಡಿದವನಿಗೆ ಉಣ್ಣಲು ಸಿಗುತ್ತದೆ ಅನ್ನುವಲ್ಲಿಗೆ ಈ ಗಾದೆಯ ಅರ್ಥ ಮುಗಿಯಿತು ಅಂದುಕೊಂಡಿದ್ದೆ. ಚಾಮರಾಜಪೇಟೆಯ ಒಂದು ಸರ್ಕಾರಿ ಶಾಲೆಗೆ ಶನಿವಾರ ಬೆಳಿಗ್ಗೆ ಮಣ್ಣಿನ ಕೆಲಸ ಹೇಳಿಕೊಡಲು ಹೋಗತೊಡಗಿದ ಮೇಲೆ, ಅದೇ ಗಾದೆ ನನ್ನ ಬಾಯಿಗೆ ಸಲೀಸಾಗಿ ಬರುವುದಿಲ್ಲ.

ಆ ಮಕ್ಕಳ ಮನೆಗಳಲ್ಲಿ ಕೈ ಕೆಸರಾಗದವರು ಯಾರಿದ್ದಾರೆ? ಅಪ್ಪ ಗಾರೆ ಕೆಲಸಕ್ಕೆ, ಅಮ್ಮ ನಾಲ್ಕು ಮನೆಯ ಮುಸುರೆ ತಿಕ್ಕಲು, ಅಜ್ಜಿ ಮಾರ್ಕೆಟ್ಟಿಗೆ ಸೊಪ್ಪು ಮಾರಲು. ಕೆಸರು ಇವರದಾಗಿ, ಮೊಸರು ಇನ್ನಾರದೋ ಬಾಯಿಗೆ ಹೋಗಿದೆ. ‘ಕೆಸರಾದರೆ’ ಅನ್ನುವಲ್ಲಿನ ಆ ‘ಆದರೆ’ಯನ್ನು ನಾವು ದುಡಿಯುವವರಿಗೆ ಹಾಕಿದ ಷರತ್ತು ಅಂತ ಓದುತ್ತೇವೆ. ನನಗೀಗ ಅದು ಕೊಟ್ಟ ಮಾತಿನ ಹಾಗೆ ಕೇಳಿಸುತ್ತದೆ. ಆ ಮಾತು ಉಳಿಸಿಕೊಳ್ಳಬೇಕಾದವರು, ಮೊಸರಿನ ಗಡಿಗೆ ಯಾರ ಕೈಲಿದೆಯೋ ಅವರು. 2013ರಲ್ಲಿ ಕ್ಷೀರಭಾಗ್ಯ ಶುರುವಾಗಿ ಶಾಲೆಯ ಮಕ್ಕಳಿಗೆ 150 ಮಿ.ಲೀ. ಹಾಲು ಸಿಕ್ಕಿತಲ್ಲ, ಅದು ಆ ಬಾಕಿಯಲ್ಲಿ ಒಂದು ಕಂತು.

ಇದೇ ಪೇಟೆಯಲ್ಲಿ ‘ಸರಸ್ವತಿ’ ಪತ್ರಿಕೆಯ ಆರ್. ಕಲ್ಯಾಣಮ್ಮ 1938ರಲ್ಲಿ ಮಕ್ಕಳ ಕೂಟ ಕಟ್ಟಿದರು. ಅದರ ಹಿಂದಿನ ವರ್ಷವೇ ವಾರ್ಧಾದಲ್ಲಿ ಗಾಂಧೀಜಿ, ಪಾಠವೆಲ್ಲ ಕೈಕಸುಬಿನಿಂದ ಮೊದಲಾಗಲಿ ಎಂದಿದ್ದರು. ಪುತ್ತೂರಿನ ಬಾಲವನದಲ್ಲಿ ಕಾರಂತರು ಮಕ್ಕಳಿಗೆ ಆಟ, ಬಣ್ಣ, ಕುಣಿತಗಳ ಬಾಗಿಲು ತೆರೆದರು. ಇವರಿಗೆಲ್ಲ ಕರಕುಶಲ ಅನ್ನುವುದು ಪಾಠ ಮುಗಿದ ಮೇಲಿನ ಹೊತ್ತುಕಳೆಯುವ ಕೆಲಸ ಆಗಿರಲಿಲ್ಲ. ಈಗ 2020ರ ಶಿಕ್ಷಣ ನೀತಿಯೂ ಆರರಿಂದ ಎಂಟನೇ ತರಗತಿಯೊಳಗೆ ಹತ್ತು ದಿನ ಬ್ಯಾಗಿಲ್ಲದೆ ಬಂದು ಕಸುಬು ನೋಡಿ ಎನ್ನುತ್ತದೆ. ಹತ್ತು ದಿನ ತೀರಾ ಕಡಿಮೆ.

ಕಡಲೆಕಾಯಿ ಪರಿಷೆ ಮುಗಿದ ವಾರ ಮಕ್ಕಳೆಲ್ಲ ಬಸವಣ್ಣನನ್ನೇ ಮಾಡಬೇಕೆಂದು ಹಟ ಹಿಡಿದರು. ಬಸವನಗುಡಿಯ ದೊಡ್ಡ ಬಸವ ಒಂದೇ ಕಲ್ಲಿನದು, ಕೊಂಬು ಬೀಳುವ ಭಯವಿಲ್ಲ. ನಮ್ಮ ಜೇಡಿಮಣ್ಣಿನ ಬಸವಗಳ ಕೊಂಬು ಒಣಗುವಷ್ಟರಲ್ಲಿ ಉದುರಿದವು. ಬರೀ ಒತ್ತಿದರೆ ಮಣ್ಣು ಮಣ್ಣನ್ನು ಹಿಡಿಯುವುದಿಲ್ಲ. ಎರಡೂ ಕಡೆ ತೆಂಗಿನ ಕಡ್ಡಿಯಿಂದ ಗೀರಬೇಕು, ಅದೇ ಮಣ್ಣನ್ನು ನೀರಲ್ಲಿ ಕದಡಿ ಸವರಬೇಕು, ಆಮೇಲೆ ಕೂರಿಸಬೇಕು. ಅಂಟಿಸುವುದು ಕೆಸರೇ. ತರಗತಿಯಲ್ಲಿ ಹೆಸರು ಕೂಗಿದರೂ ಓಗೊಡದೆ ತಲೆ ತಗ್ಗಿಸುತ್ತಿದ್ದ ಒಬ್ಬ ಹುಡುಗಿ ಮೊಣಕೈವರೆಗೆ ಕೆಸರು ಮಾಡಿಕೊಂಡು, “ನಂದು ನಿಂತ್ಕೊಂತು ಮಿಸ್!” ಅಂತ ಕೂಗಿದಳು. ಆಮೇಲೆ ಪಕ್ಕದವನಿಗೆ ಗೀರುವುದು ಹೇಗೆಂದು ಹೇಳಿಕೊಡುತ್ತಾ ಮಾತು ನಿಲ್ಲಿಸಲೇ ಇಲ್ಲ. ಗಾದೆಯಲ್ಲಿ ಹೊಟ್ಟೆ ಅನ್ನದೆ ಬಾಯಿ ಅಂದದ್ದನ್ನು ನಾನು ಗಮನಿಸಿದ್ದು ಆ ದಿನ.

ಗಂಟೆ ಹೊಡೆದ ಮೇಲೆ ಅವಳಮ್ಮ ಕರೆದೊಯ್ಯಲು ಬಂದರು, ಕೆಲಸದ ಮನೆಯಿಂದ ನೇರವಾಗಿ. ಬಸವನನ್ನು ಬಿಸಿಲಿನ ಕಿಟಕಿಯಲ್ಲಿಟ್ಟಿದ್ದೆ. ಅವರು ಅದನ್ನು ಎತ್ತಿಕೊಂಡು ಡುಬ್ಬದ ಮೇಲೆ ಹೆಬ್ಬೆರಳಿಟ್ಟು ಮೆಲ್ಲಗೆ ಒತ್ತಿದರು. ಸೋಪಿನ ನೀರಿಗೆ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು.

“ಒಳಗಿನ್ನೂ ಹಸಿ ಐತೆ ಮೇಡಂ. ಬಿಸಿಲಿಗಿಟ್ರೆ ಸೀಳು ಬಿಡುತ್ತೆ. ನಮ್ಮೂರಲ್ಲಿ ಒಲೆ ಹಾಕ್ದಾಗ ಒದ್ದೆ ಬಟ್ಟೆ ಹೊದಿಸಿ ನೆರಳಲ್ಲಿಡ್ತಿದ್ವಿ.”

ನಾನು ಬಟ್ಟೆ ಒದ್ದೆ ಮಾಡಿ ತಂದೆ. ಹುಡುಗಿ ಅಮ್ಮನ ಮುಖವನ್ನೇ ನೋಡುತ್ತಿದ್ದಳು.