ಮೊದಲ ತಪ್ಪಿನ ಬೆಲೆ ಯಾರು ಕೊಡಬೇಕು?



ಹೆರಿಗೆ ಕೋಣೆಯಲ್ಲಿ ನಡೆಯುವ ಒಂದು ‘ನಾಟಕ’ದ ಬಗ್ಗೆ ಈ ಸಲ ಯೋಚಿಸೋಣ. ಸಿಬ್ಬಂದಿಯಲ್ಲೊಬ್ಬರು ಹೆರಿಗೆಗೆ ಬಂದ ತಾಯಿಯಂತೆ ಮಲಗುತ್ತಾರೆ. ಹೊಟ್ಟೆಗೆ ಕಟ್ಟಿಕೊಂಡ ಚೀಲದಿಂದ ರಕ್ತದಂಥ ಕೆಂಪು ನೀರು ಹರಿಯುತ್ತದೆ. ಪಕ್ಕದಲ್ಲಿ ನೀರು ತುಂಬಿದ ಗೊಂಬೆ. ಎತ್ತಿದರೆ ಉಸಿರಿಲ್ಲದ ಕೂಸಿನಂತೆ ಜೋತುಬೀಳುತ್ತದೆ. ಡಾಕ್ಟರು, ನರ್ಸುಗಳು, ಆಯಾಗಳು ಗಡಿಯಾರ ನೋಡುತ್ತ ತಾಯಿ-ಮಗು ಇಬ್ಬರನ್ನೂ ಉಳಿಸುವ ತಾಲೀಮು ಮಾಡುತ್ತಾರೆ. ಇದಕ್ಕೆ ಅಣಕು ಅಭ್ಯಾಸ ಎನ್ನುತ್ತಾರೆ.

ನಿಜವಾದ ಹೆರಿಗೆಗಳೇ ಸಾಲುಗಟ್ಟಿರುವಾಗ ಗೊಂಬೆಯಾಟಕ್ಕೆ ಹೊತ್ತೆಲ್ಲಿದೆ ಎಂದು ಕೇಳುವವರಿದ್ದಾರೆ. ಇರುವ ಇಬ್ಬರು ನರ್ಸುಗಳಲ್ಲಿ ಒಬ್ಬರು ತಾಲೀಮಿಗೆ ಹೋದರೆ ವಾರ್ಡಿನಲ್ಲಿ ನರಳುವವರನ್ನು ಯಾರು ನೋಡಬೇಕು? ಇದು ಹಗುರವಾದ ಪ್ರಶ್ನೆಯಲ್ಲ.

ಆದರೆ ಪ್ರತಿಯೊಂದು ಕೈಗೂ ಮೊದಲ ಸಲ ಎಂಬುದು ಇದ್ದೇ ಇದೆ. ಆ ಮೊದಲ ಸಲದ ತಪ್ಪಿನ ಬೆಲೆಯನ್ನು ಯಾರು ಕೊಡಬೇಕು? ತಾಲೀಮು ಇಲ್ಲದ ಕಡೆ ಅದನ್ನು ಕೊಡುವವಳು ಬೇರೆ ದಾರಿಯಿಲ್ಲದೆ ಬಂದ ಬಡ ತಾಯಿ. ತಾನು ಬೆಲೆ ಕೊಡುತ್ತಿದ್ದೇನೆಂಬುದು ಅವಳಿಗೆ ಗೊತ್ತೂ ಆಗುವುದಿಲ್ಲ. ಗೊಂಬೆ ಗೊಂಬೆಯೆಂದು ಎಲ್ಲರಿಗೂ ಗೊತ್ತು, ಅದರಲ್ಲಿ ಮೋಸವಿಲ್ಲ. ಕಲಿಯುವ ಭಾರವನ್ನು ಬಡವಳ ಮೈಮೇಲಿಂದ ಇಳಿಸಿ ಗೊಂಬೆಯ ಮೇಲೆ ಹೊರಿಸುವುದು ನ್ಯಾಯದ ಕೆಲಸವೆಂದೇ ನಾವು ನಂಬುತ್ತೇವೆ.

ಫಲವೂ ಕಂಡಿದೆ. ಹುಟ್ಟಿದ ಒಂದು ನಿಮಿಷದೊಳಗೆ ಉಸಿರಾಡದ ಮಗುವಿಗೆ ಉಸಿರು ಕೊಡುವ ಅಭ್ಯಾಸವನ್ನು ಕರ್ನಾಟಕದಲ್ಲಿ ಹೆರಿಗೆ ಮಾಡಿಸುವ 599 ಮಂದಿಗೆ ಕಲಿಸಲಾಯಿತು. 2013ರಲ್ಲಿ ಪ್ರಕಟವಾದ ಆ ಅಧ್ಯಯನದಂತೆ, ಸತ್ತು ಹುಟ್ಟುವ ಮಕ್ಕಳ ಪ್ರಮಾಣ ನೂರಕ್ಕೆ 3ರಿಂದ 2.3ಕ್ಕೆ ಇಳಿಯಿತು. ಸತ್ತಿದೆಯೆಂದು ಬದಿಗಿಟ್ಟ ಕೂಸುಗಳಲ್ಲಿ ಕೆಲವು ಬದುಕಿಸಬಹುದಾದವೇ ಆಗಿದ್ದವೇನೋ! ಆದರೆ ಜೀವಂತ ಹುಟ್ಟಿ ತಿಂಗಳೊಳಗೆ ತೀರಿಕೊಳ್ಳುವ ಮಕ್ಕಳ ಪ್ರಮಾಣ ಇಳಿಯಲಿಲ್ಲ. ಮೊದಲ ಉಸಿರಿನ ನಂತರವೂ ಆರೈಕೆ ಬೇಕು; ತಾಲೀಮೊಂದೇ ಸಾಲದು.

ಬೆಳಗಾವಿಯ ವೈದ್ಯರು ಇನ್ನೊಂದು ಪಾಠ ಕಲಿಸಿದರು. ಹೆರಿಗೆಯ ನಂತರ ಹೋದ ರಕ್ತವನ್ನು ಕಣ್ಣಂದಾಜಿನಿಂದ ಹೇಳಿದಾಗ, ಗೆರೆ ಹಾಕಿದ ಚೀಲದಲ್ಲಿ ಅಳೆದದ್ದಕ್ಕಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಬಂದಿತ್ತು. ಒಳ್ಳೆಯ ಮನಸ್ಸಿದ್ದರೂ ಕಣ್ಣು ತಪ್ಪುತ್ತದೆ. ಪ್ರೀತಿಗೂ ಅಭ್ಯಾಸ ಬೇಕು.

ತಾಲೀಮಿನಲ್ಲಿ ಬಾಯಿಗೂ ಅಭ್ಯಾಸವಾಗುತ್ತದೆ. ‘ರಕ್ತ ನಿಲ್ಲುತ್ತಿಲ್ಲ ಸಾರ್’ ಎಂದು ಕಿರಿಯ ನರ್ಸು ಗಟ್ಟಿಯಾಗಿ ಹೇಳಬೇಕು. ಹಿರಿಯರು ಅದನ್ನು ಕೇಳಿಸಿಕೊಳ್ಳಬೇಕು. ಹೇಳಿದ ಔಷಧಿಯ ಹೆಸರನ್ನು ಕೇಳಿದವರು ತಿರುಗಿ ಹೇಳಬೇಕು. ನಮ್ಮ ಕೌತಾಳಂ, ಆದೋನಿ ಸೀಮೆಯಲ್ಲಿ ಇದು ಇನ್ನೂ ಮುಖ್ಯ. ತಾಯಿ ಕನ್ನಡದಲ್ಲಿ ನರಳುತ್ತಾಳೆ, ಆಸ್ಪತ್ರೆ ತೆಲುಗಿನಲ್ಲಿ ಮಾತಾಡುತ್ತದೆ. ‘ಹೆದರಬೇಡವ್ವ, ನಾವಿದ್ದೀವಿ’ ಎಂಬ ಮಾತನ್ನು ಅವಳ ನುಡಿಯಲ್ಲೇ ಹೇಳಲು ಕಲಿತರೆ ಅದೂ ಚಿಕಿತ್ಸೆಯೇ.

ತಾಲೀಮು ಮುಗಿದ ಮೇಲೆ ಎಲ್ಲರೂ ಕೂತು ಮಾತಾಡುತ್ತಾರೆ. ಯಾರು ತಪ್ಪಿದರು ಎಂದಲ್ಲ, ಯಾಕೆ ತಪ್ಪಿತು, ಮುಂದೆ ಹೇಗೆ ಎಂದು. ಆತ್ಮಪರಿಶೋಧನೆ ಮಾಡಿ ಬಲ್ಲ ನಮಗೆ ಇದು ಹೊಸದಲ್ಲ. ಅವಮಾನದ ಭಯವಿರುವ ಕಡೆ ತಪ್ಪು ಅಡಗಿ ಕೂರುತ್ತದೆ. ಅಡಗಿದ ತಪ್ಪು ಮತ್ತೊಬ್ಬ ತಾಯಿಗಾಗಿ ಕಾದಿರುತ್ತದೆ.

ನಮ್ಮ ಪಾಲಿನ ಬೆಲೆಯೂ ಒಂದಿದೆ. ‘ಇವತ್ತು ಟ್ರೈನಿಂಗ್ ಇದೆ, ಸ್ವಲ್ಪ ಕಾಯಿರಿ’ ಎಂದು ಆಸ್ಪತ್ರೆಯವರು ಹೇಳಿದರೆ, ತುರ್ತಿಲ್ಲದ ನಾವು ಗೊಣಗದೆ ಕಾಯೋಣ. ತಾಲೀಮಿಗೆಂದು ಇನ್ನೊಬ್ಬ ನರ್ಸನ್ನು ಕೊಡಿರೆಂದು ಅಧಿಕಾರಿಗಳನ್ನು ಕೇಳೋಣ. ರಕ್ತ ಕೊಡಲು ಆಗುವವರು ಕೊಡೋಣ. ಭಾನುವಾರದ ಪೂಜೆಯಲ್ಲಿ ಗರ್ಭಿಣಿಯರಿಗಾಗಿ ಪ್ರಾರ್ಥಿಸುವಾಗ, ಅವರನ್ನು ಮುಟ್ಟುವ ಕೈಗಳಿಗಾಗಿಯೂ ಪ್ರಾರ್ಥಿಸೋಣ.